ಬಂದರಿನಾಚೆಯ ನೆರೆಮನೆ ಲಕ್ಷದ್ವೀಪ

ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ ಮಂಗಳೂರಿನ ಹಳೆ ಬಂದರಿಗೆ ಒಮ್ಮೆ ಹೋಗಿ ನೋಡಿ. ದಕ್ಕೆಯಲ್ಲಿ ಮಂಜಿಗಳು ಸಾಲಾಗಿ ನಿಂತಿರುತ್ತವೆ. ಸಿಮೆಂಟು, ಜಲ್ಲಿ, ಕಬ್ಬಿಣ, ಅಕ್ಕಿ, ನೀರುಳ್ಳಿ, ತರಕಾರಿ ಎಲ್ಲವನ್ನೂ ಅದಕ್ಕೆ ತುಂಬಿಸುತ್ತಾ ಇರುತ್ತಾರೆ. "ಇದೆಲ್ಲ ಎಲ್ಲಿಗೆ ಮಾರಾಯ್ರೆ?" ಎಂದು ಕೇಳಿದರೆ "ದ್ವೀಪಕ್ಕೆ" ಎಂಬ ಒಂದೇ ಉತ್ತರ ಬರುತ್ತದೆ. ಯಾವ ದ್ವೀಪ ಎಂದು ಬಂದರಿನಲ್ಲಿ ಯಾರೂ ಕೇಳುವುದಿಲ್ಲ. ನಮ್ಮ ಹಿರಿಯರಿಗೆ ದ್ವೀಪ ಎಂದರೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್. ಅಂದರೆ ಲಕ್ಷದ್ವೀಪ.

2024ರ ಜನವರಿಯಲ್ಲಿ ಪ್ರಧಾನಿಯವರು ಅಲ್ಲಿಗೆ ಹೋಗಿ ಬಂದ ಮೇಲೆ ಈ ಹೆಸರು ದೇಶದ ಎಲ್ಲರ ಬಾಯಿಗೂ ಬಂತು. ಈಗ ನಮ್ಮ ಮನೆಗಳಲ್ಲೂ ರಜೆಯ ಮಾತು ಬಂದರೆ ಮಕ್ಕಳು "ಲಕ್ಷದ್ವೀಪಕ್ಕೆ ಹೋಗುವಾ" ಎನ್ನುತ್ತಾರೆ. ಖಂಡಿತ ಹೋಗಬೇಕಾದ ಜಾಗ. ಗದ್ದಲ ಇಲ್ಲ, ಹೊಗೆ ಇಲ್ಲ, ಬೀದಿಯಲ್ಲಿ ನಾಯಿ ಕೂಡ ಇಲ್ಲ. ಬಿಳಿ ಹೊಯಿಗೆ, ತೆಂಗಿನ ನೆರಳು, ಗಾಜಿನಂಥ ನೀರು. ಆದರೆ ಇಷ್ಟು ಶಾಂತವಾದ ಊರು ಇಷ್ಟು ಕಾಲ ಹಾಗೆಯೇ ಉಳಿದದ್ದು ಹೇಗೆ ಎಂದು ತಿಳಿದುಕೊಂಡು ಹೋದರೆ ನೋಡುವ ಕಣ್ಣೇ ಬೇರೆಯಾಗುತ್ತದೆ. ನಾವು ಅಲ್ಲಿ ಹೇಗೆ ಇರಬೇಕು ಎಂಬುದೂ ಆಗ ಅರ್ಥವಾಗುತ್ತದೆ.

ಬೆಂಗಳೂರಿಗಿಂತ ಎಷ್ಟೋ ಚಿಕ್ಕದು

ಲಕ್ಷ ಎಂಬ ಹೆಸರಿದ್ದರೂ ದ್ವೀಪಗಳು ಲಕ್ಷ ಇಲ್ಲ. ಪುಸ್ತಕದ ಲೆಕ್ಕದಲ್ಲಿ 36. ಜನವಸತಿ ಇರುವುದು 10ರಲ್ಲಿ ಮಾತ್ರ. ಎಲ್ಲ ದ್ವೀಪಗಳ ನೆಲವನ್ನು ಒಟ್ಟು ಸೇರಿಸಿದರೂ 32 ಚದರ ಕಿಲೋಮೀಟರ್. ಬೆಂಗಳೂರಿನ ಒಂದು ಮೂಲೆಯಲ್ಲಿ ಇಡೀ ಕೇಂದ್ರಾಡಳಿತ ಪ್ರದೇಶವನ್ನು ಇಟ್ಟುಬಿಡಬಹುದು. 2011ರ ಜನಗಣತಿಯಂತೆ ಜನಸಂಖ್ಯೆ 64 ಸಾವಿರ ಚಿಲ್ಲರೆ. ಅದರಲ್ಲಿ ಶೇಕಡಾ 96ಕ್ಕೂ ಹೆಚ್ಚು ಮಂದಿ ಮುಸ್ಲಿಮರು, ನಮ್ಮ ಹಾಗೆಯೇ ಶಾಫಿ ಮದ್ಹಬಿನವರು. ಸಾಕ್ಷರತೆ ಶೇಕಡಾ 91 ದಾಟಿದೆ.

ಇವೆಲ್ಲ ಹವಳದ ದ್ವೀಪಗಳು. ಬೆಟ್ಟ ಇಲ್ಲ, ಹೊಳೆ ಇಲ್ಲ, ತೋಡು ಇಲ್ಲ. ಸಮುದ್ರದ ಮಟ್ಟಕ್ಕಿಂತ ಒಂದೆರಡು ಮೀಟರ್ ಎತ್ತರ ಅಷ್ಟೆ. ಕಡಲಿನೊಳಗೆ ಹವಳದ ಜೀವಿಗಳು ಸಾವಿರಾರು ವರ್ಷ ಕಟ್ಟಿದ ಬಂಡೆಯ ಅಂಚಿನಲ್ಲಿ ಹೊಯಿಗೆ ನಿಂತು, ಅದರ ಮೇಲೆ ತೆಂಗು ಬೆಳೆದು ಊರಾಗಿದೆ. ಹೆಚ್ಚಿನ ದ್ವೀಪಗಳ ಪಶ್ಚಿಮಕ್ಕೆ ಲಗೂನ್ ಎಂದು ಕರೆಯುವ ಆಳವಿಲ್ಲದ ಶಾಂತ ನೀರು ಉಂಟು. ಹೊರಗಿನ ಹವಳದ ದಿಣ್ಣೆ ದೊಡ್ಡ ತೆರೆಗಳನ್ನು ತಡೆದು ನಿಲ್ಲಿಸುತ್ತದೆ. ದೂರದಲ್ಲಿ ತೆರೆ ಒಡೆದು ಬಿಳಿ ಗೆರೆಯಾಗಿ ಕಾಣುತ್ತದೆ, ಇತ್ತ ಲಗೂನಿನಲ್ಲಿ ನೀರು ಕೆರೆಯ ಹಾಗೆ ಮಲಗಿರುತ್ತದೆ. ಚಿತ್ರಗಳಲ್ಲಿ ಕಾಣುವ ಆ ತಿಳಿನೀಲಿ ಬಣ್ಣ ಇದರದ್ದೇ.

ನಮ್ಮ ಹಿತ್ತಿಲಿನ ಜೀಗುಜ್ಜೆ ಮರ ಅಲ್ಲಿನ ರಾಜ್ಯವೃಕ್ಷ. ಜೀಗುಜ್ಜೆಗೆ ಕನ್ನಡದಲ್ಲಿ ದೀವಿ ಹಲಸು ಎಂಬ ಹೆಸರೂ ಉಂಟು. ದೀವಿ ಎಂದರೆ ದ್ವೀಪ. ನಾವು ಸಾರು ಮಾಡಿ, ಪೋಡಿ ಮಾಡಿ ತಿನ್ನುವ ಆ ಕಾಯಿಯ ಹೆಸರಿನಲ್ಲೇ ದ್ವೀಪ ಅಡಗಿದೆ.

ದಕ್ಷಿಣ ಕನ್ನಡದ ಐದು ದ್ವೀಪಗಳು

ಈಗಿನ ಹುಡುಗರಿಗೆ ಲಕ್ಷದ್ವೀಪ ಎಂದರೆ ಕೊಚ್ಚಿ ನೆನಪಾಗುತ್ತದೆ. ಹಡಗು, ವಿಮಾನ ಹೆಚ್ಚಾಗಿ ಅಲ್ಲಿಂದ ಹೋಗುವುದರಿಂದ ಅದು ಸಹಜ. ಆದರೆ ಉತ್ತರದ ಐದು ದ್ವೀಪಗಳಾದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮತ್ತು ಬಿತ್ರ ನಮ್ಮ ಜಿಲ್ಲೆಯವು. ಅಮಿನ್‌ದಿವಿ ದ್ವೀಪಗಳೆಂದು ಇವುಗಳ ಹೆಸರು. 1956ರವರೆಗೆ ಇವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಉಳಿದ ದ್ವೀಪಗಳು ಮಲಬಾರ್ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ಎಲ್ಲವನ್ನೂ ಒಟ್ಟುಮಾಡಿ ಕೇಂದ್ರಾಡಳಿತ ಪ್ರದೇಶ ಮಾಡಿದರು. ಲಕ್ಷದ್ವೀಪ ಎಂಬ ಹೆಸರನ್ನು ಇಟ್ಟದ್ದು 1973ರಲ್ಲಿ.

ಈ ಸಂಬಂಧ ಇನ್ನೂ ಹಿಂದಿನದ್ದು. ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಅರಕ್ಕಲ್ ಮನೆಯ ಕಾರ್ಯಗಾರರ ಉಪದ್ರ ತಡೆಯಲಾಗದೆ 1783ರಲ್ಲಿ ಅಮಿನಿಯ ಕೆಲವರು ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನರನ್ನು ಕಂಡು, ನಮ್ಮ ದ್ವೀಪಗಳ ಆಡಳಿತವನ್ನು ನೀವೇ ವಹಿಸಿಕೊಳ್ಳಿ ಎಂದು ಕೇಳಿಕೊಂಡರೆಂದು ಲಕ್ಷದ್ವೀಪದ ಸರಕಾರಿ ಚರಿತ್ರೆಯೇ ಹೇಳುತ್ತದೆ. ಬೀಬಿಯವರೊಡನೆ ಟಿಪ್ಪುವಿಗೆ ಸ್ನೇಹ ಇತ್ತು. ಮಾತುಕತೆ ನಡೆದು ಐದು ದ್ವೀಪಗಳು ಟಿಪ್ಪುವಿಗೆ ಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಕಂಪನಿ ಸರಕಾರದ ಕೈಗೆ ಹೋದವು. ಆಡಳಿತ ಮಾತ್ರ ಮಂಗಳೂರಿನಿಂದಲೇ ಮುಂದುವರಿಯಿತು.

ಆ ಕಾಲದಲ್ಲಿ ದ್ವೀಪದವರು ಓಡ ಎಂಬ ಹಾಯಿಹಡಗಿನಲ್ಲಿ ಹುರಿಹಗ್ಗದ ನಾರು, ತೆಂಗಿನಕಾಯಿ, ಬೆಲ್ಲ, ಒಣಮೀನು ತಂದು ನಮ್ಮ ಬಂದರಿನಲ್ಲಿ ಇಳಿಸುತ್ತಿದ್ದರು. ನಾರಿನ ವ್ಯಾಪಾರ ಸರಕಾರದ ಕೈಯಲ್ಲೇ ಇತ್ತು. ನಾರು ಕೊಟ್ಟು ಅಕ್ಕಿ ಕೊಂಡುಹೋಗಬೇಕು. ದ್ವೀಪದಲ್ಲಿ ಭತ್ತ ಬೆಳೆಯುವುದಿಲ್ಲವಲ್ಲ. ಹೆಂಗಸರು ತಿಂಗಳುಗಟ್ಟಲೆ ಲಗೂನಿನ ಬದಿಯಲ್ಲಿ ತೆಂಗಿನ ಸಿಪ್ಪೆ ಹೂತಿಟ್ಟು, ಬಡಿದು, ಹೊಸೆದು ಮಾಡಿದ ಹುರಿ ಮಂಗಳೂರಿನಲ್ಲಿ ಅಕ್ಕಿಯಾಗುತ್ತಿತ್ತು. ಅವರ ಅನ್ನದ ಬಟ್ಟಲು ನಮ್ಮ ದಕ್ಕೆಯಲ್ಲಿ ತುಂಬುತ್ತಿತ್ತು ಎಂದರೆ ತಪ್ಪಾಗದು. ಇವತ್ತಿಗೂ ಅಲ್ಲಿ ಒಂದು ಮನೆ ಕಟ್ಟಬೇಕಾದರೆ ಜಲ್ಲಿಯಿಂದ ಹಿಡಿದು ಸಿಮೆಂಟಿನವರೆಗೆ ಎಲ್ಲ ಕಡಲು ದಾಟಿ ಬರಬೇಕು. ಆಸ್ಪತ್ರೆಗೆ, ಓದಿಗೆ, ಮದುವೆಯ ಬಟ್ಟೆಗೆ ದ್ವೀಪದ ಜನ ಮಂಗಳೂರಿಗೆ ಬರುವುದೂ ನಿಂತಿಲ್ಲ.

ಹೋಗುವ ದಾರಿ

ಕೊಚ್ಚಿಯಿಂದ ಹಡಗು ಇಲ್ಲವೇ ವಿಮಾನ. ವಿಮಾನ ಇಳಿಯುವುದು ಅಗತ್ತಿಯಲ್ಲಿ. ಆ ದ್ವೀಪ ಎಷ್ಟು ಕಿರಿದು ಎಂದರೆ ರನ್‌ವೇಯ ಎರಡೂ ಬದಿಗೆ ಕಡಲೇ ಕಾಣುತ್ತದೆ. ಸಣ್ಣ ವಿಮಾನಗಳಿಗೆ ಮಾತ್ರ ಅಲ್ಲಿ ಜಾಗ. ಅಲ್ಲಿಂದ ಬೇರೆ ದ್ವೀಪಗಳಿಗೆ ಬೋಟು.

ಹಡಗಿನಲ್ಲಿ ಹೋದರೆ ದ್ವೀಪಕ್ಕೆ ಅನುಸಾರವಾಗಿ 14ರಿಂದ 18 ತಾಸು ಬೇಕು. ಎಂ.ವಿ. ಕವರತ್ತಿ ದೊಡ್ಡ ಹಡಗು, 700 ಮಂದಿ ಹಿಡಿಸುತ್ತದೆ. ಆಡಳಿತದ ಪ್ರವಾಸೋದ್ಯಮ ಸಂಸ್ಥೆಯ ಹೆಸರು ಸ್ಪೋರ್ಟ್ಸ್. ಅವರ 'ಸಮುದ್ರಂ' ಎಂಬ ಐದು ದಿನದ ಯಾತ್ರೆಯಲ್ಲಿ ರಾತ್ರಿ ಹಡಗಿನಲ್ಲೇ ಮಲಗುವುದು, ಹಗಲು ಕವರತ್ತಿ, ಕಲ್ಪೇನಿ, ಮಿನಿಕೋಯ್ ದ್ವೀಪಗಳಲ್ಲಿ ಇಳಿದು ನೋಡುವುದು. ಸಂಸಾರ ಸಮೇತ ಮೊದಲ ಸಲ ಹೋಗುವವರಿಗೆ ಇದು ಅನುಕೂಲ. ನಾನು ಹೋದದ್ದೂ ಹಡಗಿನಲ್ಲೇ.

ಒಂದು ವಿಷಯ ಮೊದಲೇ ಹೇಳಬೇಕು. ಹಲವು ಕಡೆ ಹಡಗು ದಡಕ್ಕೆ ಬಂದು ನಿಲ್ಲುವುದಿಲ್ಲ, ಹವಳದ ದಿಣ್ಣೆ ಅಡ್ಡ ಉಂಟು. ಹೊರಗಿನ ಆಳದ ನೀರಿನಲ್ಲಿ ನಿಂತು ಸಣ್ಣ ಬೋಟಿಗೆ ಇಳಿಸುತ್ತಾರೆ. ಹಡಗು ಒಂದು ಕಡೆ ತೂಗುತ್ತದೆ, ಬೋಟು ಇನ್ನೊಂದು ಕಡೆ ಏಳುತ್ತದೆ. ಬೋಟಿನವರು "ಈಗ" ಎಂದ ಕೂಡಲೇ ಕಾಲಿಡಬೇಕು. ಅವರ ಕೈ ಗಟ್ಟಿ, ಹೆದರುವಂಥದ್ದು ಏನೂ ಇಲ್ಲ. ಆದರೂ ಮೊಣಕಾಲು ನೋವಿನ ಉಮ್ಮಂದಿರನ್ನು, ಕೈಗೂಸನ್ನು ಕರೆದುಕೊಂಡು ಹೋಗುವವರು ಇದನ್ನು ಯೋಚಿಸಿಯೇ ಹೊರಡಬೇಕು.

ಮಂಗಳೂರಿನಿಂದ ಪ್ರಯಾಣಿಕರ ಹಡಗು ಹಲವು ವರ್ಷ ಇರಲಿಲ್ಲ. 2024ರ ಮೇ ತಿಂಗಳಲ್ಲಿ 'ಪರಲಿ' ಎಂಬ ವೇಗದ ಹಡಗು ದ್ವೀಪದ ಸುಮಾರು 160 ಮಂದಿಯನ್ನು ಕೂರಿಸಿಕೊಂಡು 7 ತಾಸಿನಲ್ಲಿ ಹಳೆ ಬಂದರಿಗೆ ಬಂದು ತಲುಪಿದಾಗ ಬಂದರಿನ ಹಳಬರಿಗೆಲ್ಲ ಸಂತೋಷವಾಗಿತ್ತು. ಈ ದಾರಿ ಖಾಯಂ ಆಗಬೇಕು ಎಂಬುದು ಎರಡೂ ಕಡೆಯವರ ಆಸೆ.

ಅಕ್ಟೋಬರಿನಿಂದ ಮೇ ನಡುವಿನವರೆಗೆ ಹೋಗಲು ಒಳ್ಳೆಯ ಸಮಯ. ಮಳೆಗಾಲದಲ್ಲಿ ಕಡಲು ಕೆರಳುತ್ತದೆ, ಮಂಜಿಗಳೂ ನಿಲ್ಲುತ್ತವೆ. ಹೊರಗಿನವರು ಯಾರೇ ಹೋಗುವುದಾದರೂ ಪ್ರವೇಶ ಪರವಾನಗಿ ಬೇಕು. 1967ರಿಂದ ಇರುವ ನಿಯಮ ಇದು. ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಬಹುದು. ಬೇಕಾಗುವ ಕಾಗದಪತ್ರಗಳು ಬದಲಾಗುತ್ತಾ ಇರುತ್ತವೆ. ಆದ್ದರಿಂದ ಟಿಕೆಟ್ ಮಾಡುವ ಮೊದಲೇ ಪ್ರವಾಸೋದ್ಯಮ ಕಚೇರಿಯಲ್ಲಿ ವಿಚಾರಿಸಿ.

ಕವರತ್ತಿಯ ಪಳ್ಳಿಗಳು

ಕವರತ್ತಿ 1964ರಿಂದ ರಾಜಧಾನಿ. ಅದಕ್ಕೆ ಮೊದಲು ಆಡಳಿತ ಕಚೇರಿ ಇದ್ದದ್ದು ಕೋಝಿಕ್ಕೋಡಿನಲ್ಲಿ. ರಾಜಧಾನಿ ಎಂದ ಕೂಡಲೇ ದೊಡ್ಡ ಪೇಟೆ ಕಲ್ಪಿಸಿಕೊಳ್ಳಬೇಡಿ. ಸಿಮೆಂಟಿನ ಓಣಿ ರಸ್ತೆ, ಇಕ್ಕೆಲದಲ್ಲಿ ಹವಳದ ಕಲ್ಲಿನ ಹಳೆ ಗೋಡೆ, ತೆಂಗು, ಸೈಕಲ್, ಸ್ಕೂಟರ್. ಒಂದು ದಡದಿಂದ ಇನ್ನೊಂದು ದಡಕ್ಕೆ ಮಾತಾಡುತ್ತಾ ನಡೆದರೆ ಮುಗಿಯಿತು.

ಈ ಪುಟ್ಟ ದ್ವೀಪದಲ್ಲಿ 52 ಪಳ್ಳಿಗಳಿವೆ. ಅವುಗಳಲ್ಲಿ ಉಜ್ರಾ ಪಳ್ಳಿಯನ್ನು ನೋಡದೆ ಬರಬಾರದು. ಕಡಲಿನಲ್ಲಿ ತೇಲಿ ಬಂದ ಮರದ ದಿಮ್ಮಿಯಿಂದ ಮಾಡಿದ್ದೆಂದು ಹೇಳುವ ಅದರ ಮಾಡಿನ ಒಳಗೆ ಬಳ್ಳಿ, ಹೂವುಗಳ ಸೂಕ್ಷ್ಮ ಕೆತ್ತನೆ ಉಂಟು. ಶೇಖ್ ಮುಹಮ್ಮದ್ ಕಾಸಿಂ ಎಂಬ ಮಹಾತ್ಮರ ಹೆಸರಿನೊಡನೆ ಈ ಪಳ್ಳಿಯ ಚರಿತ್ರೆ ಸೇರಿದೆ, ಅವರ ಮಕ್ಬರವೂ ಅಲ್ಲೇ. ಅಂಗಳದ ಬಾವಿಯ ನೀರನ್ನು ಜನ ಶಿಫಾದ ನೀರೆಂದು ನಂಬುತ್ತಾರೆ.

ಮಕ್ಕಳಿದ್ದರೆ ಸಮುದ್ರಜೀವಿಗಳ ಅಕ್ವೇರಿಯಂ ಅವರಿಗೆ ಇಷ್ಟವಾಗುತ್ತದೆ. ತಳದಲ್ಲಿ ಗಾಜು ಇರುವ ಬೋಟಿನಲ್ಲಿ ಕುಳಿತರೆ ಈಜು ಬಾರದ ಹೆಂಗಸರು, ವಯಸ್ಸಾದವರು ಕೂಡ ಹವಳ, ಬಣ್ಣದ ಮೀನು, ಆಮೆಗಳನ್ನು ನೋಡಬಹುದು. ಗದ್ದಲದ ಯಂತ್ರ ಇಲ್ಲ, ಜೋರು ಹಾಡು ಇಲ್ಲ. ಅಸರ್ ನಮಾಝಿನ ನಂತರ ಪಶ್ಚಿಮದ ಕಡಲ ಬದಿಯಲ್ಲಿ ಕುಳಿತರೆ ಮಗ್ರಿಬ್ ಬಾಂಗಿನವರೆಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಬಾಂಗು ಒಂದರ ಹಿಂದೆ ಒಂದರಂತೆ ಎಲ್ಲ ಕಡೆಯಿಂದ ಏಳುತ್ತದೆ.

ಕಲ್ಪೇನಿ, ಆಂದ್ರೋತ್, ಬಿತ್ರ

ಕಲ್ಪೇನಿಯ ಲಗೂನ್ ವಿಶಾಲ. ತಿಲಕ್ಕಂ, ಪಿಟ್ಟಿ, ಚೆರಿಯಂ ಎಂಬ ಜನ ಇಲ್ಲದ ಸಣ್ಣ ದ್ವೀಪಗಳು ಅದರ ಸುತ್ತ ಇವೆ. ಪೂರ್ವ ಹಾಗೂ ಆಗ್ನೇಯ ದಂಡೆಯಲ್ಲಿ ಹವಳದ ಕಲ್ಲುಗಳು ಒಡ್ಡಿನ ಹಾಗೆ ರಾಶಿ ಬಿದ್ದಿವೆ. ಒಂದು ಕಾಲದ ಭಾರೀ ಬಿರುಗಾಳಿ ಎತ್ತಿ ಹಾಕಿದ್ದು. ಆ ಒಡ್ಡಿನ ಮೇಲೆ ನಿಂತರೆ ಈ ಊರುಗಳು ಎಂಥ ಅಪಾಯದ ಬದಿಯಲ್ಲಿ ಬದುಕುತ್ತವೆ ಎಂದು ಗೊತ್ತಾಗುತ್ತದೆ. ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಬಾರದು ಎನ್ನುತ್ತಿದ್ದ ಕಾಲದಲ್ಲಿ, ದ್ವೀಪಗಳ ಪೈಕಿ ಮೊದಲು ಶಾಲೆಗೆ ಹೋದದ್ದು ಕಲ್ಪೇನಿಯ ಹುಡುಗಿಯರು.

ಆಂದ್ರೋತ್ ಎಲ್ಲಕ್ಕಿಂತ ದೊಡ್ಡದು, ಆದರೂ 5 ಚದರ ಕಿಲೋಮೀಟರ್ ಇಲ್ಲ. ದ್ವೀಪಗಳಿಗೆ ಇಸ್ಲಾಮ್ ತಂದವರೆಂದು ಜನ ನಂಬುವ ಹಝ್ರತ್ ಉಬೈದುಲ್ಲಾರವರ ಮಕ್ಬರ ಇಲ್ಲಿನ ಜುಮಾ ಪಳ್ಳಿಯಲ್ಲಿದೆ. ಅವರಿಗೆ ಕನಸಾಯಿತು, ಜಿದ್ದಾದಿಂದ ಹಡಗು ಹತ್ತಿದರು, ಅಮಿನಿಯ ಹತ್ತಿರ ಹಡಗು ಒಡೆದು ಹಲಗೆ ಹಿಡಿದು ದಡ ಸೇರಿದರು ಎಂಬುದು ದ್ವೀಪದ ಮನೆಮನೆಯ ಕಥೆ. ಹಿಜರಿ 41ನೇ ವರ್ಷದಲ್ಲಿ ಇದು ನಡೆಯಿತೆಂದು ಅವರು ಹೇಳುತ್ತಾರೆ. ಚರಿತ್ರೆ ಬರೆಯುವವರಲ್ಲಿ ಕಾಲದ ಬಗ್ಗೆ ಬೇರೆ ಬೇರೆ ಅಭಿಪ್ರಾಯ ಉಂಟು.

ಜನವಸತಿಯ ದ್ವೀಪಗಳಲ್ಲಿ ಅತಿ ಚಿಕ್ಕದು ಬಿತ್ರ. 2011ರಲ್ಲಿ ಅಲ್ಲಿದ್ದದ್ದು 271 ಮಂದಿ. ಮಲಿಕ್ ಮುಲ್ಲಾ ಎಂಬ ಅರಬ್ ಸಂತರೊಬ್ಬರು ಅಲ್ಲಿ ಮಣ್ಣಾಗಿದ್ದಾರೆಂದು ನಂಬಿ ದ್ವೀಪದವರು ಝಿಯಾರತ್‌ಗೆ ಹೋಗುತ್ತಾರೆ. ಉದ್ದಕ್ಕೆ ಬಿಳಿ ಹೊಯಿಗೆ ಬೇಕೆನ್ನುವವರಿಗೆ ಕಡಮತ್ ಒಳ್ಳೆಯದು. ಬಂಗಾರಂನಲ್ಲಿ ಊರಿನ ಜನ ವಾಸ ಇಲ್ಲ, ಪೂರ್ತಿ ಪ್ರವಾಸಿಗರ ದ್ವೀಪ.

ಮಿನಿಕೋಯ್: ಬೇರೆಯೇ ಲೋಕ

ಮಿನಿಕೋಯ್ ದಕ್ಷಿಣದ ತುದಿ, ಮಾಲ್ಡೀವ್ಸಿಗೆ ಹತ್ತಿರ. ಉಳಿದ ದ್ವೀಪಗಳಲ್ಲಿ ಜೆಸೆರಿ ಎಂಬ ಮಲಯಾಳಂ ಸಂಬಂಧದ ಮಾತು. ಬ್ಯಾರಿ ಬಾಸೆ ಬರುವವರಿಗೆ ಅದು ಸ್ವಲ್ಪ ಹೊತ್ತಿನಲ್ಲೇ ಕಿವಿಗೆ ಹಿಡಿಯುತ್ತದೆ. ಮಲಯಾಳಂನ 'ವಾ' ಅಲ್ಲಿ 'ಬಾ' ಆಗುತ್ತದೆ, 'ಪಳ್ಳಿ' ಹೋಗಿ 'ಫಳ್ಳಿ' ಆಗುತ್ತದೆ. ಮಿನಿಕೋಯ್‌ಗೆ ಬಂದರೆ ನಮ್ಮ ಜಾಣ್ಮೆ ನಡೆಯುವುದಿಲ್ಲ. ಅಲ್ಲಿಯದು ಮಹಲ್ ಭಾಷೆ, ಮಾಲ್ಡೀವ್ಸಿನ ದಿವೇಹಿಯೇ. ಅದರ ಲಿಪಿಯನ್ನು ಅರಬಿಯ ಹಾಗೆ ಬಲದಿಂದ ಎಡಕ್ಕೆ ಬರೆಯುತ್ತಾರೆ.

ಊರು ಹಲವು ಗ್ರಾಮಗಳಾಗಿ ಹಂಚಿಕೊಂಡಿದೆ. ಗ್ರಾಮಕ್ಕೆ ಗಂಡಸರಿಂದ ಒಬ್ಬ ಮುಖ್ಯಸ್ಥ, ಹೆಂಗಸರಿಂದ ಒಬ್ಬ ಮುಖ್ಯಸ್ಥೆ. ಮದುವೆಯಾಗಲಿ, ಊರಿನ ಕೆಲಸವಾಗಲಿ ಗ್ರಾಮದ ಮನೆಯಲ್ಲಿ ಕುಳಿತು ತೀರ್ಮಾನ. ಬಣ್ಣ ಹಚ್ಚಿದ ಉದ್ದ ಓಟದ ದೋಣಿಗಳನ್ನು ನಮ್ಮ ಹುಡುಗರು ಬೈಕನ್ನು ನೋಡಿಕೊಳ್ಳುವುದಕ್ಕಿಂತ ಹೆಚ್ಚಿನ ಪ್ರೀತಿಯಿಂದ ಇಟ್ಟಿದ್ದಾರೆ. 1885ರಲ್ಲಿ ಬ್ರಿಟಿಷರು ಕಟ್ಟಿದ ದೀಪಸ್ತಂಭ ಇನ್ನೂ ಬೆಳಕು ಕೊಡುತ್ತಾ ನಿಂತಿದೆ. ಮೆಟ್ಟಿಲು ಹತ್ತುವ ಶಕ್ತಿ ಇದ್ದವರಿಗೆ ಮೇಲಿನಿಂದ ಇಡೀ ದ್ವೀಪ ಬಾಗಿದ ಹಸಿರು ಪಟ್ಟಿಯಂತೆ ಕಾಣುತ್ತದೆ. ಈ ಊರಿನ ಗಂಡಸರು ತಲೆಮಾರುಗಳಿಂದ ಹಡಗಿನ ಕೆಲಸಕ್ಕೆ ಹೆಸರಾದವರು. ಗಲ್ಫಿಗೆ ಮಕ್ಕಳನ್ನು ಕಳುಹಿಸಿ ದಾರಿ ನೋಡುವ ನಮ್ಮ ಮನೆಗಳ ಹಾಗೆ ಅಲ್ಲಿನ ಮನೆಗಳೂ ಕಡಲಿನ ಕಡೆ ದಾರಿ ನೋಡಿದ ಮನೆಗಳೇ.

ಒಂದೊಂದೇ ಮೀನು

ಅಲ್ಲಿನ ಮುಖ್ಯ ಮೀನು ಟ್ಯೂನಾ, ಅವರ ಮಾತಿನಲ್ಲಿ ಚೂರೆ. ಹಿಡಿಯುವ ರೀತಿ ನೋಡುವಂಥದ್ದು. ಬೆಳಿಗ್ಗೆ ಲಗೂನಿನಲ್ಲಿ ಸಣ್ಣ ಮೀನು ಹಿಡಿದು ಬೋಟಿನ ನೀರಿನಲ್ಲಿ ಜೀವಂತ ಇಡುತ್ತಾರೆ. ಹೊರಕಡಲಿನಲ್ಲಿ ಟ್ಯೂನಾ ಹಿಂಡು ಕಂಡ ಕೂಡಲೇ ಆ ಸಣ್ಣ ಮೀನನ್ನು ಚೆಲ್ಲಿ, ನೀರು ಚಿಮುಕಿಸುತ್ತಾರೆ. ಹಿಂಡು ಮೇಲೆ ಬಂದಾಗ ಕೋಲಿನ ಗಾಳದಿಂದ ಒಂದೊಂದನ್ನೇ ಎತ್ತಿ ಬೋಟಿಗೆ ಬಿಸಾಡುವುದು. ದೊಡ್ಡ ಬಲೆ ಎಳೆದು ಮರಿ, ಮೊಟ್ಟೆ, ಆಮೆ ಎಲ್ಲವನ್ನೂ ಗುಡಿಸುವ ಕೆಲಸ ಇಲ್ಲ. ನಮ್ಮ ಕರಾವಳಿಯಲ್ಲಿ ಮೀನು ಕಡಿಮೆಯಾಯಿತೆಂದು ಕೊರಗುವ ನಾವು ಈ ಪದ್ಧತಿಯ ಬಗ್ಗೆ ಯೋಚಿಸಬೇಕು.

ಹಿಡಿದ ಮೀನನ್ನು ಬೇಯಿಸಿ, ಹೊಗೆಗೆ ಇಟ್ಟು, ಬಿಸಿಲಿಗೆ ಒಣಗಿಸಿದರೆ ಮಾಸ್ ಆಗುತ್ತದೆ. ಮರದ ತುಂಡಿನ ಹಾಗೆ ಗಟ್ಟಿ, ತಿಂಗಳುಗಟ್ಟಲೆ ಕೆಡುವುದಿಲ್ಲ. ಅದನ್ನು ಪುಡಿ ಮಾಡಿ ತೆಂಗಿನಕಾಯಿ, ಮೆಣಸು ಸೇರಿಸಿ ಅನ್ನದ ಜೊತೆ ತಿನ್ನುವುದು. ತೆಂಗಿನ ಮರದಿಂದ ಇಳಿಸಿದ ಸಿಹಿ ನೀರಾದಿಂದ ಬೆಲ್ಲ ಮಾಡುತ್ತಾರೆ. ತೆಂಗಿನಕಾಯಿ, ಬೆಲ್ಲ ಕಾಯಿಸಿ ಒಣ ಎಲೆಯಲ್ಲಿ ಸುತ್ತಿದ ದ್ವೀಪದ ಉಂಡೆಯನ್ನು ಮನೆಗೆ ಎರಡು ಕಟ್ಟು ತನ್ನಿ, ಮಕ್ಕಳು ಒಂದೇ ದಿನದಲ್ಲಿ ಮುಗಿಸುತ್ತಾರೆ.

ಮನೆ ತಾಯಿಯದು

ದ್ವೀಪದಲ್ಲಿ ತರವಾಡು ತಾಯಿಯ ಕಡೆಯಿಂದ. ನಮ್ಮ ತುಳುನಾಡಿನ ಅಳಿಯಕಟ್ಟಿಗೆ ಹತ್ತಿರದ ಪದ್ಧತಿ. ಮೊದಲು ಗಂಡ ಹಗಲು ತನ್ನ ತಾಯಿಮನೆಯಲ್ಲಿ ಇದ್ದು, ರಾತ್ರಿ ಹೆಂಡತಿಯ ಮನೆಗೆ ಹೋಗುತ್ತಿದ್ದ. ಈಗ ಗಂಡ ಹೆಂಡತಿ ಬೇರೆ ಮನೆ ಮಾಡುವುದು ಹೆಚ್ಚಾಗಿದೆ. ಆಸ್ತಿಗೆ ಅವರು ಇಟ್ಟಿರುವ ಹೆಸರು ಕೇಳಿ ನನಗೆ ಆಶ್ಚರ್ಯವಾಯಿತು: ತರವಾಡಿನ ಪಿತ್ರಾರ್ಜಿತಕ್ಕೆ ಶುಕ್ರವಾರದ ಸೊತ್ತು, ಸ್ವಂತ ದುಡಿಮೆಯದ್ದಕ್ಕೆ ಸೋಮವಾರದ ಸೊತ್ತು. ಶುಕ್ರವಾರದ್ದು ತಾಯಿಯ ಸಾಲಿನಲ್ಲಿ ಇಳಿಯುತ್ತದೆ, ಸೋಮವಾರದ್ದು ಶರೀಅತ್ತಿನ ಫರಾಯಿಳ್ ಲೆಕ್ಕದಲ್ಲಿ ಹಂಚಿಕೆಯಾಗುತ್ತದೆ. ಹಳೆ ಪದ್ಧತಿ, ದೀನಿನ ನಿಯಮ ಎರಡನ್ನೂ ಎರಡು ವಾರದ ಹೆಸರಿನಲ್ಲಿ ಇಟ್ಟುಕೊಂಡು ನೂರಾರು ವರ್ಷ ನಡೆಸಿಕೊಂಡು ಬಂದಿದ್ದಾರೆ. ಈ ಬಗ್ಗೆ ಉಲಮಾಗಳ ನಡುವೆ ಚರ್ಚೆ ಬೇರೆ. ಅಲ್ಲಿನ ಹೆಣ್ಣುಮಕ್ಕಳ ನಡೆಯಲ್ಲಿ ಕಾಣುವ ಧೈರ್ಯಕ್ಕೆ ತಮ್ಮದೆಂಬ ಮನೆ ಇರುವುದೂ ಒಂದು ಕಾರಣ ಎಂದು ನನಗನಿಸಿತು.

ಇನ್ನೊಂದು ಮಾತು ಮದ್ರಸದವನಾದ ನನಗೆ ಬಹಳ ಹಿಡಿಸಿತು. ಹಾಯಿಹಡಗಿಗೆ ದಾರಿ ತೋರಿಸುವವನನ್ನು ದ್ವೀಪದಲ್ಲಿ ಮಾಲ್ಮಿ ಎನ್ನುತ್ತಾರೆ. ಮುಅಲ್ಲಿಂ ಎಂಬ ಅರಬಿ ಮಾತೇ ಅದು. ಅರಬರು ಹಡಗು ನಡೆಸುವ ಪಂಡಿತನನ್ನೂ ಮುಅಲ್ಲಿಂ ಎಂದೇ ಕರೆಯುತ್ತಿದ್ದರು. ಮರದ ಸಣ್ಣ ಹಲಗೆಗೆ ಗಂಟು ಹಾಕಿದ ದಾರ ಕಟ್ಟಿ, ದಾರವನ್ನು ಹಲ್ಲಿನಲ್ಲಿ ಕಚ್ಚಿ, ಧ್ರುವ ನಕ್ಷತ್ರದ ಎತ್ತರ ಅಳೆದು ತಾನು ಎಲ್ಲಿದ್ದೇನೆ ಎಂದು ಲೆಕ್ಕ ಹಾಕುವ ವಿದ್ಯೆ ಅವನದು. ಆ ಲೆಕ್ಕಗಳನ್ನು ಬರೆದಿಟ್ಟ ಪುಸ್ತಕಕ್ಕೆ ರಹ್ಮಾನಿ ಎಂದು ಹೆಸರು, ಅರಬಿ ಮಲಯಾಳಂ ಲಿಪಿಯಲ್ಲೂ ಅವು ಉಂಟು. ಅಂಥ ವಿದ್ಯೆ ನಂಬಿಯೇ ಓಡಗಳು ನಮ್ಮ ಬಂದರಿಗೆ ಬರುತ್ತಿದ್ದವು.

ಸಿಹಿನೀರಿನ ತೆಳು ಪದರ

ಇಷ್ಟೆಲ್ಲ ಸೌಂದರ್ಯದ ಅಡಿಯಲ್ಲಿ ಒಂದು ನಾಜೂಕಾದ ವಿಷಯ ಉಂಟು. ಹೊಳೆ, ಕೆರೆ ಇಲ್ಲದ ಈ ದ್ವೀಪಗಳಿಗೆ ಮಳೆನೀರೇ ಗತಿ. ಹೊಯಿಗೆಯಲ್ಲಿ ಇಳಿದ ಮಳೆನೀರು ಅಡಿಯ ಉಪ್ಪುನೀರಿನ ಮೇಲೆ ತೆಳು ಪದರವಾಗಿ ನಿಲ್ಲುತ್ತದೆ. ಸಿಹಿನೀರು ಹಗುರ, ಆದ್ದರಿಂದ ತೇಲುತ್ತದೆ. ಬಾವಿಯಿಂದ ಕೊಡದಲ್ಲಿ ಸೇದಿದರೆ ತೊಂದರೆ ಇಲ್ಲ. ಪಂಪು ಹಾಕಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಒಮ್ಮೆ ಉಪ್ಪಾದ ಬಾವಿ ಮತ್ತೆ ಸಿಹಿಯಾಗಲು ಎಷ್ಟೋ ಮಳೆ ಕಾಯಬೇಕು. ಕಕ್ಕಸು ಗುಂಡಿಯ ನೀರು ಇದೇ ಹೊಯಿಗೆಯಲ್ಲಿ ಇಳಿಯುತ್ತದೆ ಎಂಬುದು ಇನ್ನೊಂದು ಚಿಂತೆ.

2005ರಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕವರತ್ತಿಯಲ್ಲಿ ಒಂದು ಸ್ಥಾವರ ಹಾಕಿತು. ಕಡಲಿನ ಮೇಲಿನ ಬೆಚ್ಚಗಿನ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ನೂರಾರು ಮೀಟರ್ ಆಳದಿಂದ ತಂದ ತಣ್ಣೀರಿನಿಂದ ಆ ಆವಿಯನ್ನು ತಂಪು ಮಾಡಿದರೆ ಸಿಹಿನೀರು. ದಿನಕ್ಕೆ 1 ಲಕ್ಷ ಲೀಟರ್. ನಂತರ ಮಿನಿಕೋಯ್, ಅಗತ್ತಿಗೂ ಇಂಥದ್ದು ಬಂತು. ಜನರಿಗೆ ದೊಡ್ಡ ಉಪಕಾರವೇ. ಆದರೆ 11 ಸಾವಿರ ಜನರ ಊರಿಗೆ 1 ಲಕ್ಷ ಲೀಟರ್ ಎಂದರೆ ತಲೆಗೆ 10 ಲೀಟರೂ ಇಲ್ಲ. ನಾವು ಲಾಡ್ಜಿನಲ್ಲಿ ಶವರ್ ಬಿಟ್ಟು ನಿಂತರೆ ಒಬ್ಬರ ಎಷ್ಟು ದಿನದ ನೀರು ಹೋಗುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಬಿಳಿಚುವ ಹವಳ

ಎರಡನೇ ಚಿಂತೆ ಕಡಲಿನದ್ದು. ನೀರು ಬಿಸಿಯಾದಾಗ ಹವಳ ತನ್ನೊಳಗಿನ ಪಾಚಿಯನ್ನು ಕಳೆದುಕೊಂಡು ಬಿಳಿಚುತ್ತದೆ. ಬಿಸಿ ಹೆಚ್ಚು ದಿನ ನಿಂತರೆ ಸಾಯುತ್ತದೆ. 1998, 2010, 2016ರಲ್ಲಿ ಲಕ್ಷದ್ವೀಪದಲ್ಲಿ ಇದು ದೊಡ್ಡದಾಗಿ ಆಯಿತು, 2024ರಲ್ಲಿ ಮತ್ತೆ ಆಯಿತು. ಹವಳ ಸತ್ತರೆ ಸುಂದರ ದೃಶ್ಯ ಹೋಗುವುದು ಮಾತ್ರ ಆಗಿದ್ದರೆ ಸಹಿಸಬಹುದಿತ್ತು. ತೆರೆಯನ್ನು ತಡೆಯುವ ಗೋಡೆಯೇ ಅದು. ಬಂಗಾರಂ ಹತ್ತಿರ ಪರಲಿ-1 ಎಂಬ ಜನ ಇಲ್ಲದ ಪುಟ್ಟ ದ್ವೀಪ ಕೊರೆದು ಕೊರೆದು ಈಗ ಇಲ್ಲವೇ ಇಲ್ಲ ಎಂದು 2017ರಲ್ಲಿ ವರದಿಯಾಯಿತು.

ಪ್ರವಾಸೋದ್ಯಮ ಬೇಡವೇ ಎಂದರೆ ದ್ವೀಪದವರೂ ಹಾಗೆ ಹೇಳುವುದಿಲ್ಲ. ಓದಿದ ಹುಡುಗರಿಗೆ ಕೆಲಸ ಬೇಕು, ಮೀನಿಗೆ ಬೆಲೆ ಬೇಕು, ಕಾಯಿಲೆಯಾದರೆ ಕಡಲು ದಾಟುವ ಕಷ್ಟ ತಪ್ಪಬೇಕು. ಎಷ್ಟು, ಹೇಗೆ ಎಂಬಲ್ಲಿ ಅವರ ಪ್ರಶ್ನೆ. 2021ರಲ್ಲಿ ಆಡಳಿತವು ಭೂಮಿ, ಮದ್ಯ, ಆಹಾರಕ್ಕೆ ಸಂಬಂಧಿಸಿ ಹೊಸ ಕರಡು ನಿಯಮ, ಪ್ರಸ್ತಾವಗಳನ್ನು ತಂದಾಗ ಅವರು ಬೀದಿಯಲ್ಲಿ ಕಲ್ಲು ಹೊಡೆಯಲಿಲ್ಲ. ಮನೆಮನೆಯಲ್ಲೇ 12 ತಾಸು ಉಪವಾಸ ಕುಳಿತು, ನಮ್ಮ ಊರಿನ ಬಗ್ಗೆ ನಮ್ಮನ್ನೂ ಕೇಳಿ ಎಂದರು. ಈ ಶಾಂತಿ ಕಡಲು ತಂದು ಹಾಕಿದ ಹೊಯಿಗೆಯಂತೆ ತಾನಾಗಿ ಬಂದದ್ದಲ್ಲ, ಜನ ಕಾಪಾಡಿಕೊಂಡದ್ದು.

ಅತಿಥಿಯಾಗಿ ಹೋಗೋಣ

ಪರವಾನಗಿ ಯಾಕೆ ಬೇಕು, ನಮ್ಮ ದೇಶದೊಳಗೇ ಇದೆಂಥ ಕಿರಿಕಿರಿ ಎಂದು ಕೆಲವರು ಗೊಣಗುವುದುಂಟು. ಬೇರೆಯವರ ಮನೆಗೆ ಹೋದರೆ ಹೊರಗೆ ನಿಂತು ಸಲಾಂ ಹೇಳಿ, ಅನುಮತಿ ಸಿಕ್ಕಿದ ಮೇಲೆಯೇ ಒಳಗೆ ಕಾಲಿಡಬೇಕೆಂದು ನಾವು ಮದ್ರಸದಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತೇವೆ. ಇಡೀ ದ್ವೀಪವನ್ನು ಒಂದು ಮನೆ ಎಂದುಕೊಂಡರೆ ಪರವಾನಗಿಯ ಅರ್ಥ ತಿಳಿಯುತ್ತದೆ.

ಹೋಗುವವರು ಕೆಲವು ವಿಷಯ ನೆನಪಿಡಿ. ಉಡುಪು ಮರ್ಯಾದೆಯದ್ದಾಗಿರಲಿ, ಜನರನ್ನು, ಮುಖ್ಯವಾಗಿ ಹೆಂಗಸರನ್ನು, ಕೇಳದೆ ಫೋಟೊ ತೆಗೆಯಬೇಡಿ. ಮದ್ಯ ಬಂಗಾರಂ ಬಿಟ್ಟರೆ ಎಲ್ಲೂ ಇಲ್ಲ, ಕೊಂಡುಹೋಗುವುದು ಅಪರಾಧ. ಹವಳದ ಒಂದು ತುಂಡನ್ನೂ ಚೀಲಕ್ಕೆ ಹಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹವಳಕ್ಕೂ, ಕಡಲ ಸೌತೆ ಎಂಬ ಜೀವಿಗೂ ಹುಲಿಗೆ ಇರುವಷ್ಟೇ ರಕ್ಷಣೆ ಉಂಟು. ನೀರು ಕಡಿಮೆ ಇರುವಾಗ ಹವಳದ ಮೇಲೆ ನಡೆದರೆ ಹತ್ತಾರು ವರ್ಷದ ಬೆಳವಣಿಗೆ ಒಂದು ಹೆಜ್ಜೆಗೆ ಪುಡಿಯಾಗುತ್ತದೆ. ಚಿಪ್ಸಿನ ಪ್ಯಾಕೆಟ್, ನೀರಿನ ಬಾಟಲಿ, ಮಗುವಿನ ಡಯಾಪರ್ ಕೊಂಡುಹೋದದ್ದನ್ನು ಕಟ್ಟಿ ವಾಪಸ್ ತನ್ನಿ, ಹೂಳಲು ಅಲ್ಲಿ ಜಾಗ ಇಲ್ಲ. ವುಝೂವಿಗೆ ಒಂದು ಚೊಂಬು ಸಾಕು. ಹರಿಯುವ ಹೊಳೆಯ ಬದಿಯಲ್ಲಿದ್ದರೂ ನೀರು ಪೋಲು ಮಾಡಬಾರದೆಂದು ಕಲಿತವರು ನಾವು, ಹೊಳೆಯೇ ಇಲ್ಲದ ಊರಿನಲ್ಲಿ ಇನ್ನೂ ಜಾಗ್ರತೆ ಬೇಕು.

ಖರ್ಚು ಮಾಡುವುದಾದರೆ ಊರಿನವರ ಅಂಗಡಿಯಲ್ಲಿ, ಊರಿನವರ ಬೋಟಿನಲ್ಲಿ ಮಾಡಿ. ಹುರಿಯ ವಸ್ತು, ಮಾಸ್, ಬೆಲ್ಲ ಕೊಂಡುಕೊಳ್ಳಿ. ನಿಮ್ಮ ಊರು ಯಾವುದೆಂದು ಅವರು ಕೇಳಿಯೇ ಕೇಳುತ್ತಾರೆ. ಮಂಗಳೂರು ಎಂದರೆ ಸಾಕು, "ನಮ್ಮ ಕಾರಣವರು ಅಲ್ಲಿಗೆ ಬರ್ತಿದ್ರು" ಎಂದು ಒಂದು ಕಥೆ ಶುರುವಾಗುತ್ತದೆ. ಕುಳಿತು ಕೇಳಿ. ಹಾಗೆಯೇ ಬಂದರಿನಲ್ಲಿ, ಆಸ್ಪತ್ರೆಯ ವರಾಂಡದಲ್ಲಿ, ನಮ್ಮ ಪಳ್ಳಿಯ ಕೊನೆಯ ಸಫ್ಫಿನಲ್ಲಿ ದ್ವೀಪದವರು ಯಾರಾದರೂ ಕಂಡರೆ ಎರಡು ಮಾತು ಆಡಿಸಿ, ಮನೆಗೆ ಕರೆದು ಚಹಾ ಕೊಡಿ. ನೆರೆಮನೆಯ ಸಂಬಂಧ ಒಂದೇ ಕಡೆಯಿಂದ ನಡೆಯುವುದಿಲ್ಲ.